ತೂಕದ ಯಂತ್ರಗಳ ಸಂದೇಶಗಳು ಸರ್ವರ್‌ನಲ್ಲಿ ತುಂಡಾಗುತ್ತಿವೆ: ಅಸಿಂಕ್ರನಸ್ (ಕಾಯುತ್ತ ಕೂರದೆ ಮಾಡುವ) ಓದುವಿಕೆಯಲ್ಲಿ ಅನುಭವವಿದ್ದವರು ತಿಳಿಸಿ

ಕೇಳಿದವರು, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ, ಮೆಕ್ಕೆಜೋಳದ ದಲ್ಲಾಳಿ ಅಂಗಡಿಗಳಲ್ಲಿರುವ ಎಲೆಕ್ಟ್ರಾನಿಕ್ ತೂಕದ ಯಂತ್ರಗಳಿಂದ ವಿವರಗಳನ್ನು ಮೊಬೈಲ್ ಸಿಮ್ ಮೂಲಕ ನಮ್ಮ ಸರ್ವರ್‌ಗೆ ತರಿಸಿಕೊಳ್ಳುವ ವ್ಯವಸ್ಥೆಯೊಂದನ್ನು ಮಾಡಿದ್ದೇವೆ. ಲಾಟ್ ಸಂಖ್ಯೆ, ಚೀಲಗಳ ಎಣಿಕೆ, ತೂಕ ಮತ್ತು ಕನ್ನಡದಲ್ಲಿ ರೈತರ ಊರಿನ ಹೆಸರು, ಇಷ್ಟು ಸೇರಿ ಒಂದು ಸಂದೇಶ ಸುಮಾರು 100 ಬೈಟ್ ಆಗುತ್ತದೆ. ಮೊದಲು ಪ್ರತಿ ಯಂತ್ರಕ್ಕೂ ಒಂದೊಂದು ಥ್ರೆಡ್ (ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ನಡೆಯುವ ಕೆಲಸದ ಎಳೆ) ಇಟ್ಟಿದ್ದೆವು. ಯಂತ್ರಗಳು ಹೆಚ್ಚಾದ ಮೇಲೆ ಲಿನಕ್ಸ್‌ನ ಈಪೋಲ್ (ಯಾವ ಸಂಪರ್ಕಕ್ಕೆ ಮಾಹಿತಿ ಬಂದಿದೆಯೆಂದು ತಿಳಿಸುವ ಸೌಲಭ್ಯ) ಬಳಸಿ, ಎಡ್ಜ್ ಟ್ರಿಗರ್ (ಹೊಸದು ಬಂದಾಗ ಮಾತ್ರ ಸೂಚನೆ ಕೊಡುವ) ವಿಧಾನದಲ್ಲಿ, ಒಂದೇ ಲೂಪ್‌ನಿಂದ ಎಲ್ಲ ಸಾಕೆಟ್‌ಗಳನ್ನೂ (ಸರ್ವರ್ ಕಡೆಯ ಸಂಪರ್ಕದ ತುದಿಗಳನ್ನೂ) ಓದುವಂತೆ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದೆವು. ಸೂಚನೆ ಬಂದಾಗ 256 ಬೈಟ್‌ಗಳ ಒಂದು ಬಫರ್‌ಗೆ (ತಾತ್ಕಾಲಿಕ ಮೆಮೊರಿ ಜಾಗಕ್ಕೆ) ಒಮ್ಮೆ ಓದಿ, ಆ ಬಫರ್‌ನ ಪಾಯಿಂಟರನ್ನು (ವಿಳಾಸವನ್ನು) ಕೆಲಸದ ಥ್ರೆಡ್‌ಗೆ ದಾಟಿಸುತ್ತೇವೆ.

ಬೇಸಿಗೆಯಲ್ಲಿ ಎಂಟು ಯಂತ್ರಗಳಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಈಗ ಸುಗ್ಗಿಯ ಆವಕ ಶುರುವಾಗಿ ಅರವತ್ತು ಯಂತ್ರಗಳಾದ ಮೇಲೆ ಎರಡು ಸಂದೇಶಗಳು ಅಂಟಿಕೊಂಡು ಬರುತ್ತಿವೆ, ಊರಿನ ಹೆಸರಿನ ನಡುವೆ ಚೌಕದ ಗುರುತು ಕಾಣಿಸುತ್ತಿದೆ, ಕೆಲವು ತೂಕಗಳು ಮುಂದಿನ ತೂಕ ಬರುವವರೆಗೂ ಎಲ್ಲೋ ಸಿಕ್ಕಿಕೊಂಡಿರುತ್ತವೆ. ಎಲ್ಲಕ್ಕಿಂತ ಹೆದರಿಕೆಯ ವಿಷಯವೆಂದರೆ, ಮೊನ್ನೆ ಒಂದು ಅಂಗಡಿಯ ತೂಕ ಮತ್ತೊಂದು ಅಂಗಡಿಯ ಲೆಕ್ಕದಲ್ಲಿ ಕಾಣಿಸಿಕೊಂಡಿತು. ಇದನ್ನು ಅನುಭವಿಸಿದವರು ದಾರಿ ತೋರಿಸಬೇಕು.

ಉತ್ತರ, ಚಿತ್ರದುರ್ಗದಿಂದ:

ನಾನು ಇಲ್ಲಿನ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳ ಮಾಹಿತಿಯನ್ನು ಸಂಗ್ರಹಿಸುವ ಸಾಫ್ಟ್‌ವೇರ್ ಮೇಲೆ ಕೆಲವು ವರ್ಷ ಕೆಲಸ ಮಾಡಿದವನು. ನಿಮ್ಮ ಮೊದಲ ಎರಡು ದೂರುಗಳಿಗೆ ಕಾರಣ ಒಂದೇ. ನಿಮ್ಮ ಸಂಪರ್ಕಗಳು ಬಳಸುವ ಟಿಸಿಪಿ ಎಂಬ ಜಾಲದ ನಿಯಮಾವಳಿ ಸಂದೇಶಗಳನ್ನು ತಲುಪಿಸುವುದಿಲ್ಲ, ಬೈಟ್‌ಗಳ ಹರಿವನ್ನು ತಲುಪಿಸುತ್ತದೆ. ಕಳಿಸಿದವರು ಮೂರು ಸಲ ಕಳಿಸಿದ್ದು ನಿಮಗೆ ಒಂದೇ ಓದಿನಲ್ಲಿ ಬರಬಹುದು, ಒಂದು ಸಲ ಕಳಿಸಿದ್ದು ನಾಲ್ಕು ಓದುಗಳಲ್ಲಿ ಬರಬಹುದು. ಎಂಟು ಯಂತ್ರಗಳಿದ್ದಾಗ ಒಂದು ಓದಿಗೆ ಒಂದು ಸಂದೇಶ ಬಂದದ್ದು ನಿಮ್ಮ ಅದೃಷ್ಟವೇ ಹೊರತು ಟಿಸಿಪಿ ಕೊಟ್ಟ ಭರವಸೆಯಲ್ಲ.

ಊರಿನ ಹೆಸರಿನದನ್ನೇ ನೋಡಿ. ‘ದಾವಣಗೆರೆ’ ಎಂಬುದು ಯುನಿಕೋಡ್‌ನಲ್ಲಿ ಎಂಟು ಸಂಕೇತಗಳು. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಒಟ್ಟು 24 ಬೈಟ್. ಆ ಹೆಸರಿನ 16 ಬೈಟ್ ಮಾತ್ರ ಮೊದಲ ಓದಿನಲ್ಲಿ ಬಂತೆಂದುಕೊಳ್ಳಿ. ನಿಮಗೆ ‘ದಾವಣಗ’ ಎಂಬಲ್ಲಿಗೆ 15 ಬೈಟ್ ಸಿಕ್ಕವು, ಹದಿನಾರನೆಯದು ‘ಗೆ’ಯ ಎತ್ವದ ಮೊದಲ ಬೈಟ್. ಆ ತುಂಡನ್ನು ಅಲ್ಲೇ ಅಕ್ಷರವಾಗಿ ಪರಿವರ್ತಿಸಲು ಹೊರಟರೆ ಚೌಕ ಕಾಣಿಸದೆ ಇನ್ನೇನು ಕಾಣಿಸೀತು? ಆದ್ದರಿಂದ ಪ್ರತಿ ಸಂಪರ್ಕಕ್ಕೂ ಅದರದೇ ಆದ ಸಂಗ್ರಹ ಬಫರ್ ಇರಲಿ. ಬಂದ ಬೈಟ್‌ಗಳನ್ನು ಅದಕ್ಕೆ ಸೇರಿಸುತ್ತ ಹೋಗಿ, ಪೂರ್ಣ ಸಂದೇಶಗಳು ಎಷ್ಟಿವೆಯೋ ಅಷ್ಟನ್ನು ಬಿಡಿಸಿಕೊಂಡು, ಉಳಿದ ಬಾಲವನ್ನು ಮುಂದಿನ ಓದಿಗೆ ಹಾಗೆಯೇ ಬಿಡಿ. ಅಕ್ಷರಗಳ ಗೊಡವೆಗೆ ಸಂದೇಶ ಪೂರ್ಣವಾದ ಮೇಲಷ್ಟೇ ಹೋಗಿ.

ಸಂದೇಶ ಎಲ್ಲಿ ಮುಗಿಯಿತೆಂದು ತಿಳಿಯಲು ನಾವು ಮುಂದೆ 4 ಬೈಟ್‌ಗಳ ಉದ್ದದ ಸಂಖ್ಯೆಯನ್ನು, ದೊಡ್ಡ ಬೈಟ್ ಮೊದಲು ಬರುವ ಕ್ರಮದಲ್ಲಿ, ಇಡುತ್ತಿದ್ದೆವು. ಆ ನಾಲ್ಕು ಬೈಟ್‌ಗಳೇ ಎರಡಾಗಿ ಒಡೆದು ಬರಬಹುದೆಂಬುದನ್ನು ಮರೆಯಬೇಡಿ. ಇನ್ನೊಂದು ಮಾತು, ಉದ್ದಕ್ಕೆ ಮೇಲ್ಮಿತಿ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾವು ಕಷ್ಟಪಟ್ಟು ಕಲಿತೆವು. ಒಂದು ರಾತ್ರಿ ನಮ್ಮ ಸರ್ವರ್ ಇದ್ದಕ್ಕಿದ್ದಂತೆ 1,19,57,25,856 ಬೈಟ್ ಮೆಮೊರಿ ಕೇಳಿ ಮಲಗಿಬಿಟ್ಟಿತು. ಇಷ್ಟು ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಅದನ್ನು ಹದಿನಾರರ ಅಂಕಿಯಲ್ಲಿ ಬರೆದು ನೋಡಿದರೆ, ‘ಜಿ’, ‘ಇ’, ‘ಟಿ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಮತ್ತು ಒಂದು ಖಾಲಿ ಜಾಗ! ಯಾವುದೋ ಬಾಟ್ ನಮ್ಮ ಪೋರ್ಟ್‌ಗೆ ವೆಬ್ ಪುಟ ಬೇಕೆಂದು ಕೋರಿಕೆ ಕಳಿಸಿತ್ತು, ನಾವು ಅದರ ಮೊದಲ ನಾಲ್ಕು ಬೈಟ್‌ಗಳನ್ನು ಉದ್ದವೆಂದು ನಂಬಿದ್ದೆವು. ನಿಮ್ಮ ಸಂದೇಶ 100 ಬೈಟ್ ಆಗಿದ್ದರೆ, 4096 ದಾಟಿದ ಉದ್ದ ಬಂದ ಕೂಡಲೇ ಮರುಮಾತಿಲ್ಲದೆ ಸಂಪರ್ಕ ಕಡಿದುಹಾಕಿ.

ಉತ್ತರ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕಿ:

ಸಿಕ್ಕಿಕೊಳ್ಳುವ ತೂಕಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಲ್ಯಾಬಿನಲ್ಲಿ ಪ್ರತಿ ವರ್ಷವೂ ವಿದ್ಯಾರ್ಥಿಗಳು ಇದೇ ಹಳ್ಳಕ್ಕೆ ಬೀಳುತ್ತಾರೆ. ಲೆವೆಲ್ ಟ್ರಿಗರ್ ಆದರೆ ತೊಟ್ಟಿಯಲ್ಲಿ ನೀರಿರುವವರೆಗೂ ಈಪೋಲ್ ನಿಮ್ಮನ್ನು ಕರೆಯುತ್ತಲೇ ಇರುತ್ತದೆ. ಎಡ್ಜ್ ಟ್ರಿಗರ್ ಆದರೆ ಹೊಸ ನೀರು ಬಿದ್ದಾಗ ಮಾತ್ರ ಕರೆಯುತ್ತದೆ. ಸಿಗ್ನಲ್ ಹೋಗಿ ಮರಳಿದಾಗ ನಿಮ್ಮ ಯಂತ್ರವು ಬಾಕಿ ಉಳಿದ ನಾಲ್ಕಾರು ತೂಕಗಳನ್ನು ಒಟ್ಟಿಗೆ ಕಳಿಸುತ್ತದೆ. ನೀವು 256 ಬೈಟ್ ತೆಗೆದುಕೊಂಡು ಹೊರಟುಬಿಡುತ್ತೀರಿ, ಮಿಕ್ಕದ್ದು ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಉಳಿಯುತ್ತದೆ, ಮುಂದಿನ ತೂಕ ಬರುವವರೆಗೆ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ.

ಎಡ್ಜ್ ಟ್ರಿಗರ್ ಬೇಕೇ ಬೇಕೆಂದಾದರೆ ಸಾಕೆಟ್ಟನ್ನು ನಾನ್-ಬ್ಲಾಕಿಂಗ್ (ಏನೂ ಇಲ್ಲದಿದ್ದರೆ ಕಾಯದೆ ಹಿಂದಿರುಗುವಂತೆ) ಮಾಡಿ, ‘ಈಅಗೇನ್’, ಅಂದರೆ ಸದ್ಯಕ್ಕೆ ಏನೂ ಇಲ್ಲ ಎಂಬ ದೋಷಸಂಖ್ಯೆ ಬರುವವರೆಗೂ ಓದುತ್ತಿರಬೇಕು. ಆಗ ಒಂದೇ ಗಲಾಟೆಯ ಸಾಕೆಟ್ ಉಳಿದವರ ಸರದಿಯನ್ನು ನುಂಗದಂತೆ ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ಅರವತ್ತು ಸಂಪರ್ಕಗಳಿಗೆ ಇಷ್ಟೆಲ್ಲ ಏಕೆ ಎಂಬುದು ನನ್ನ ಪ್ರಶ್ನೆ. ಒಂದೇ ಸರ್ವರ್ ಹತ್ತು ಸಾವಿರ ಗ್ರಾಹಕರನ್ನು ಹೇಗೆ ನಿಭಾಯಿಸಬೇಕೆಂಬ ಚರ್ಚೆ 1999ರಲ್ಲೇ ‘ಸಿ10ಕೆ’ ಎಂಬ ಹೆಸರಿನಲ್ಲಿ ನಡೆದಿತ್ತು. ನಿಮ್ಮದು ಅದರ ಹತ್ತಿರಕ್ಕೂ ಬರುವುದಿಲ್ಲ. ಲೆವೆಲ್ ಟ್ರಿಗರ್‌ಗೆ ಹಿಂದಿರುಗಿ. ಹಾಗೆಯೇ, ಓದು 0 ಹಿಂದಿರುಗಿಸಿದರೆ ಆಚೆಯವರು ಕಳಿಸುವುದನ್ನು ಮುಗಿಸಿದ್ದಾರೆಂದು ಅರ್ಥ, ಸದ್ಯಕ್ಕೆ ಏನೂ ಇಲ್ಲವೆಂದಲ್ಲ. ಇವೆರಡನ್ನು ಗೊಂದಲ ಮಾಡಿಕೊಂಡ ಕೋಡ್ ಸಿಪಿಯುವನ್ನು ನೂರಕ್ಕೆ ನೂರು ತಿರುಗಿಸುತ್ತದೆ.

ಉತ್ತರ, ಹರಿಹರದಿಂದ:

ಒಬ್ಬರ ತೂಕ ಇನ್ನೊಬ್ಬರ ಲೆಕ್ಕಕ್ಕೆ ಹೋದದ್ದನ್ನು ಓದಿ ನನಗೆ ನಮ್ಮ ಹಳೆಯ ನೋವು ನೆನಪಾಯಿತು. ನೀವು ಪಾಯಿಂಟರನ್ನು ಕೊಟ್ಟಿದ್ದೀರಿ, ಆದರೆ ಬಫರನ್ನು ಬಿಟ್ಟುಕೊಟ್ಟಿಲ್ಲ. ಕೆಲಸದ ಥ್ರೆಡ್ ಆ ಬಫರಿನಿಂದ ಲಾಟ್ ಸಂಖ್ಯೆಯನ್ನು ಓದಿ ತೂಕದ ಕಡೆಗೆ ಬರುವಷ್ಟರಲ್ಲಿ ನಿಮ್ಮ ಲೂಪ್ ಮುಂದಿನ ಸಾಕೆಟ್ಟಿನ ಬೈಟ್‌ಗಳನ್ನು ಅದೇ ಜಾಗಕ್ಕೆ ಸುರಿದಿರುತ್ತದೆ. ಪೂರ್ಣ ಸಂದೇಶವನ್ನು ನಕಲು ಮಾಡಿ, ಆ ನಕಲಿನ ಒಡೆತನವನ್ನೇ ಕ್ಯೂಗೆ ವರ್ಗಾಯಿಸಿ. ನೂರು ಬೈಟ್ ನಕಲು ಮಾಡುವ ಖರ್ಚಿಗೆ ಹೆದರಿ ಸಾಹಸ ಮಾಡುವುದು ಜಾಣತನವಲ್ಲ.

ನಾವು ಇದನ್ನು ಬೇರೆ ರೂಪದಲ್ಲಿ ಕಂಡೆವು. ವಿಂಡೋಸ್‌ನ ಕಂಪ್ಲೀಷನ್ ಪೋರ್ಟ್ ಮತ್ತು ಲಿನಕ್ಸ್‌ನಲ್ಲಿ 2019ರ 5.1 ಆವೃತ್ತಿಯಿಂದ ಬಂದ ಐಒ-ಯುರಿಂಗ್, ಇವೆರಡೂ ಈಪೋಲ್‌ನಂತಲ್ಲ. ಈಪೋಲ್ ‘ಓದಬಹುದು’ ಎನ್ನುತ್ತದೆ, ಓದುವವರು ನೀವು. ಇವು ನೀವು ಮೊದಲೇ ಕೊಟ್ಟ ಬಫರಿಗೆ ತಾವೇ ತುಂಬಿ ‘ಓದಿಯಾಯಿತು’ ಎನ್ನುತ್ತವೆ. ಹಾಗಾಗಿ ಕೋರಿಕೆ ಸಲ್ಲಿಸಿದ ಕ್ಷಣದಿಂದ ಪೂರ್ಣಗೊಂಡ ಸೂಚನೆ ಬರುವವರೆಗೆ ಬಫರ್ ಕರ್ನಲ್‌ನ ಸ್ವತ್ತು. ನಮ್ಮಲ್ಲಿ ಒಬ್ಬರು ಸಂಪರ್ಕ ಮುಚ್ಚಿದ ಕೂಡಲೇ ಅದರ ಬಫರನ್ನೂ ಬಿಡುಗಡೆ ಮಾಡುತ್ತಿದ್ದರು. ಬಾಕಿಯಿದ್ದ ಓದು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಆ ಮೆಮೊರಿ ಬೇರೆ ಸಂಪರ್ಕದ ಪಾಲಾಗಿತ್ತು. ತಪ್ಪು ಒಂದು ಕಡೆ, ಕುಸಿತ ಇನ್ನೊಂದು ಕಡೆ, ಅದೂ ವಾರಕ್ಕೊಮ್ಮೆ. ಕೊನೆಗೆ ಪ್ರತಿ ಬಾಕಿ ಕೋರಿಕೆಯೂ ಸಂಪರ್ಕದ ಮೇಲೆ ಒಂದು ಹಿಡಿತವನ್ನು ಇಟ್ಟುಕೊಳ್ಳುವಂತೆ ಎಣಿಕೆ ಸೇರಿಸಿ, ಎಣಿಕೆ ಸೊನ್ನೆಯಾದ ಮೇಲೆಯೇ ಬಿಡುಗಡೆ ಮಾಡತೊಡಗಿದೆವು. ಮುಂದೆ ನೀವು ಐಒ-ಯುರಿಂಗ್ ಕಡೆಗೆ ಹೋಗುವುದಾದರೆ ಇದನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳಿ.

ಉತ್ತರ, ಚಳ್ಳಕೆರೆಯಿಂದ:

ನೀವು ಕೇಳದೆ ಇರುವ ಎರಡು ವಿಷಯಗಳು. ಡೇಟಾಬೇಸ್ ನಿಧಾನವಾದರೆ ನಿಮ್ಮ ಕ್ಯೂ ಎಲ್ಲಿಯವರೆಗೆ ಬೆಳೆಯುತ್ತದೆ? ಅದಕ್ಕೊಂದು ಮಿತಿ ಹಾಕಿ, ತುಂಬಿದಾಗ ಆ ಸಾಕೆಟ್‌ಗಳನ್ನು ಓದುವುದನ್ನು ನಿಲ್ಲಿಸಿ. ಕರ್ನಲ್‌ನ ಬಫರ್ ತುಂಬಿ ಟಿಸಿಪಿಯ ಕಿಟಕಿ (ಇನ್ನೆಷ್ಟು ಕಳಿಸಬಹುದೆಂಬ ಮಿತಿ) ಕಿರಿದಾಗಿ ಕಳಿಸುವ ಯಂತ್ರವೇ ತಡೆದುಕೊಳ್ಳುತ್ತದೆ. ಎರಡನೆಯದು, ಅಂಗಡಿಯಲ್ಲಿ ಕರೆಂಟು ಹೋಗಿ ಯಂತ್ರ ಸತ್ತರೆ ನಿಮಗೆ ಯಾರೂ ಹೇಳುವುದಿಲ್ಲ. ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ (ಆಚೆಯವರು ಇನ್ನೂ ಇದ್ದಾರೆಯೇ ಎಂದು ವಿಚಾರಿಸುವ ಸೌಲಭ್ಯ) ಹಾಕಿದರೂ ಮೂಲ ಹೊಂದಿಕೆಯಲ್ಲಿ ಮೊದಲ ವಿಚಾರಣೆ ಹೊರಡುವುದೇ 7200 ಸೆಕೆಂಡ್, ಅಂದರೆ ಎರಡು ಗಂಟೆಯ ಮೌನದ ನಂತರ. ಯಂತ್ರವೇ ನಿಮಿಷಕ್ಕೊಮ್ಮೆ ‘ಇದ್ದೇನೆ’ ಎನ್ನಲಿ, ಮೂರು ಸಲ ತಪ್ಪಿದರೆ ಸಂಪರ್ಕ ಮುಚ್ಚಿ. ತೂಕವೆಂದರೆ ದುಡ್ಡಿನ ಲೆಕ್ಕವಾದ್ದರಿಂದ ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಕೊಡಿ, ಡೇಟಾಬೇಸಿಗೆ ಬರೆದ ಮೇಲೆಯೇ ಸ್ವೀಕೃತಿ ಕಳಿಸಿ. ಸ್ವೀಕೃತಿ ಸಿಗದ ಯಂತ್ರ ಮತ್ತೆ ಕಳಿಸಿದರೆ ಕ್ರಮಸಂಖ್ಯೆ ನೋಡಿ ಎರಡನೆಯದನ್ನು ಬಿಟ್ಟುಬಿಡಿ.

ಕೇಳಿದವರು, ಹತ್ತು ದಿನಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಮೊದಲು ಒಂದು ಪರೀಕ್ಷಾ ಪ್ರೋಗ್ರಾಂ ಬರೆದು, ಒಂದೇ ಸಂದೇಶವನ್ನು ಒಂದೊಂದೇ ಬೈಟಿನಂತೆ, ನಡುನಡುವೆ ಬಿಡುವು ಕೊಟ್ಟು ಕಳಿಸಿದೆವು. ಹಳೆಯ ಕೋಡ್ ಅದನ್ನು ನೂರಕ್ಕೂ ಹೆಚ್ಚು ಸಂದೇಶಗಳೆಂದು ದಾಖಲಿಸಿತು. ನಾಚಿಕೆಯಾಯಿತು, ಆದರೆ ದೋಷ ಮೇಜಿನ ಮೇಲೆಯೇ ಸಿಕ್ಕಿತು. ಈಗ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಬಫರ್ ಇದೆ, ಲೆವೆಲ್ ಟ್ರಿಗರ್‌ಗೆ ಮರಳಿದ್ದೇವೆ, ಹರಿಹರದ ಸರ್ ಹೇಳಿದಂತೆ ಕ್ಯೂಗೆ ನಕಲೇ ಹೋಗುತ್ತದೆ. ಲೆಕ್ಕ ಅದಲುಬದಲಾದದ್ದು ಮತ್ತೆ ಕಂಡಿಲ್ಲ.

ಉದ್ದದ ಸಂಖ್ಯೆಯನ್ನು ಮಾತ್ರ ಎಲ್ಲ ಕಡೆ ಹಾಕಲಾಗಲಿಲ್ಲ. ಇಪ್ಪತ್ತೆರಡು ಹಳೆಯ ಯಂತ್ರಗಳ ಒಳಗಿನ ಪ್ರೋಗ್ರಾಂ ಬದಲಿಸಲು ಬರುವುದಿಲ್ಲ. ಅವು ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಕಳಿಸುತ್ತವೆ. ಯುಟಿಎಫ್-8ರಲ್ಲಿ ಕನ್ನಡ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆ ಇರುವುದಿಲ್ಲವಾದ್ದರಿಂದ ಊರಿನ ಹೆಸರಿನೊಳಗೆ ಹೊಸ ಸಾಲಿನ ಗುರುತಾದ 10 ಎಂಬ ಬೈಟ್ ಬರಲು ಸಾಧ್ಯವಿಲ್ಲ. ಹಾಗಾಗಿ ಅವುಗಳಿಗೆ ಸಾಲಿನ ಗುರುತನ್ನೇ ಗಡಿಯಾಗಿ ಇಟ್ಟು, ಬೇರೆ ಪೋರ್ಟ್ ಕೊಟ್ಟಿದ್ದೇವೆ, 4096ರ ಮಿತಿ ಅಲ್ಲಿಯೂ ಇದೆ. ಸ್ವೀಕೃತಿಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಈ ಹಳೆಯ ಯಂತ್ರಗಳಿಗಿಲ್ಲ. ಅವುಗಳ ತೂಕಗಳನ್ನು ಸದ್ಯಕ್ಕೆ ಸಂಜೆ ಅಂಗಡಿಯ ಚೀಟಿಗಳ ಜೊತೆ ಕೈಯಲ್ಲೇ ತಾಳೆ ನೋಡುತ್ತಿದ್ದೇವೆ.