ಒಂದು ಟಿಕ್‌ಗೆ 20 ಸಾಲು: ಎಫ್ ಶಾರ್ಪ್ ಇವೆಂಟ್ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಮೇಡಂ ಎಫ್ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಇವೆಂಟ್‌ಗಳ (ಕ್ಲಿಕ್, ಟೈಮರ್ ಟಿಕ್‌ನಂಥ ಘಟನೆಗಳ) ಬಗ್ಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಹೊಸಬ: ನಮಸ್ಕಾರ ಮೇಡಂ. ಮೌಸ್ ಇವೆಂಟ್, ಕೀಬೋರ್ಡ್ ಇವೆಂಟ್ ಎರಡನ್ನೂ ಮರ್ಜ್ ಮಾಡಲು (ಒಂದಾಗಿ ಸೇರಿಸಲು) ಹೋದರೆ ಟೈಪ್ ತಪ್ಪು ಅನ್ನುತ್ತದೆ.

ಮೇಡಂ: ನಮಸ್ಕಾರ. ಎರಡೂ ಕೊಡುವ ಮೌಲ್ಯದ ಟೈಪ್ ಒಂದೇ ಇರಬೇಕು. ನಿಮ್ಮದೇ ಒಂದು ಯೂನಿಯನ್ ಟೈಪ್ (ಇದಾದರೂ ಸರಿ, ಅದಾದರೂ ಸರಿ ಎನ್ನುವ ಟೈಪ್) ಬರೆದು, ಎರಡನ್ನೂ ಅದಕ್ಕೆ ಮ್ಯಾಪ್ ಮಾಡಿ, ಅಂದರೆ ಪರಿವರ್ತಿಸಿ. ಆಮೇಲೆ ಮರ್ಜ್.

ರಾತ್ರಿಪಾಳಿ: ಮೇಡಂ, ಆ್ಯಪ್ ಇರುವಷ್ಟು ಹೊತ್ತೂ ಒಂದು ಟೈಮರ್ ಓಡುತ್ತದೆ. ವಿಂಡೋ ತೆರೆದಾಗ ಅದರ ಟಿಕ್‌ಗೆ ಇವೆಂಟ್.ಫಿಲ್ಟರ್ (ಬೇಕಾದ್ದನ್ನಷ್ಟೇ ಬಿಡುವುದು), ಇವೆಂಟ್.ಸ್ಕ್ಯಾನ್ (ಹಿಂದಿನ ಲೆಕ್ಕಕ್ಕೆ ಸೇರಿಸುತ್ತಾ ಹೋಗುವುದು) ಜೋಡಿಸಿ ಎಣಿಸುತ್ತೇನೆ. ಎಣಿಕೆ ಒಂದು ಲೇಬಲ್‌ಗೆ ಹೋಗುತ್ತದೆ, ಗ್ರಾಫ್ ತೆರೆದರೆ ಅದಕ್ಕೂ. ವಿಂಡೋ 20 ಸಲ ತೆರೆದು ಮುಚ್ಚಿದ ಮೇಲೆ ಒಂದೇ ಟಿಕ್‌ಗೆ ಲಾಗ್‌ನಲ್ಲಿ 20 ಸಾಲು! ಮೆಮೊರಿಯೂ ಇಳಿಯುತ್ತಿಲ್ಲ.

ಸುಲಭಸೂತ್ರ: ಬಂದದ್ದನ್ನು ಹಾಗೇ ಕಳಿಸುತ್ತಿದ್ದೇನೆ: "ಮೆಮೊರಿ ಲೀಕ್‌ಗೆ ಒಂದೇ ಸಾಲಿನ ಮದ್ದು! ವಿಂಡೋ ಮುಚ್ಚುವಾಗ ಜಿಸಿ.ಕಲೆಕ್ಟ್ ಕರೆಯಿರಿ. ಎಲ್ಲರಿಗೂ ತಲುಪಿಸಿ."

ಮೇಡಂ: ದಯವಿಟ್ಟು ಯಾರಿಗೂ ತಲುಪಿಸಬೇಡಿ. ಯಾರೋ ಹಿಡಿದುಕೊಂಡಿರುವ ವಸ್ತುವನ್ನು ಜಿಸಿ (ಬೇಡದ ಮೆಮೊರಿ ಗುಡಿಸುವ ವ್ಯವಸ್ಥೆ) ಮುಟ್ಟುವುದಿಲ್ಲ, ಸಾವಿರ ಸಲ ಕರೆದರೂ.

ರಾತ್ರಿಪಾಳಿ ಅವರೇ, ಹಿಡಿದುಕೊಂಡಿರುವುದು ನಿಮ್ಮ ಟೈಮರ್. ಇವೆಂಟ್.ಫಿಲ್ಟರ್ ಎಂದು ಬರೆದ ಸಾಲು ಓಡಿದ ಕ್ಷಣವೇ ಮೂಲ ಇವೆಂಟ್‌ಗೆ ಒಂದು ಹ್ಯಾಂಡ್ಲರ್ (ಇವೆಂಟ್ ಬಂದಾಗ ಓಡುವ ಕೋಡ್) ಅಂಟುತ್ತದೆ. ಕೊನೆಯಲ್ಲಿ ಕೇಳಲು ಆ್ಯಡ್ ಕರೆಯದಿದ್ದರೂ ಅಂಟುತ್ತದೆ. ಅದನ್ನು ಬಿಡಿಸಲು ನಿಮ್ಮ ಕೈಗೆ ಏನೂ ಸಿಗುವುದಿಲ್ಲ. ಟೈಮರ್ ಹ್ಯಾಂಡ್ಲರನ್ನು ಹಿಡಿದಿದೆ, ಹ್ಯಾಂಡ್ಲರ್ ನಿಮ್ಮ ವಿಂಡೋವನ್ನು ಹಿಡಿದಿದೆ. ಮುಚ್ಚಿದ 20 ವಿಂಡೋಗಳೂ ಒಳಗೆ ಬದುಕಿವೆ, ಎಣಿಸುತ್ತಲೇ ಇವೆ.

ಇವೆಂಟ್ ಮಾಡ್ಯೂಲ್ ಬದಲು ಅಬ್ಸರ್ವಬಲ್ ಮಾಡ್ಯೂಲ್ ಬಳಸಿ. ಹೆಸರುಗಳು ಹೆಚ್ಚುಕಡಿಮೆ ಅವೇ. ಟೈಮರ್ ಇವೆಂಟನ್ನೇ ನೇರವಾಗಿ ಕೊಡಬಹುದು. ಕೊನೆಗೆ ಅಬ್ಸರ್ವಬಲ್.ಸಬ್‌ಸ್ಕ್ರೈಬ್ ಒಂದು ಡಿಸ್ಪೋಸಬಲ್ (ಬೇಡವಾದಾಗ ಬಿಡಿಸಿಕೊಳ್ಳುವ ಹಿಡಿ) ಕೊಡುತ್ತದೆ. ವಿಂಡೋ ಮುಚ್ಚುವಾಗ ಅದನ್ನು ಡಿಸ್ಪೋಸ್ ಮಾಡಿದರೆ ಇಡೀ ಸರಪಳಿ ಕಳಚಿಕೊಳ್ಳುತ್ತದೆ.

ನನಗೆ ಚಿಂತೆ ಇರುವುದು ನಿಮ್ಮ ಸ್ಕ್ಯಾನ್ ಬಗ್ಗೆ. ಇವೆಂಟ್.ಸ್ಕ್ಯಾನ್‌ನಲ್ಲಿ ಎಣಿಕೆ ಒಂದೇ, ಕೇಳುವವರೆಲ್ಲ ಅದನ್ನೇ ನೋಡುತ್ತಾರೆ. ಅಬ್ಸರ್ವಬಲ್.ಸ್ಕ್ಯಾನ್‌ನಲ್ಲಿ ಪ್ರತಿ ಸಬ್‌ಸ್ಕ್ರೈಬ್‌ಗೂ ಹೊಸ ಎಣಿಕೆ. ಹೆಸರು ಬದಲಿಸಿ ಸುಮ್ನೆ ಬಿಟ್ಟರೆ, ತಡವಾಗಿ ತೆರೆದ ಗ್ರಾಫ್ ಸೊನ್ನೆಯಿಂದ ಎಣಿಸುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಸ್ಕ್ಯಾನ್‌ಗೆ ಒಂದೇ ಸಲ ಸಬ್‌ಸ್ಕ್ರೈಬ್ ಆಗಿ. ಬಂದ ಎಣಿಕೆಯನ್ನು ವಿಂಡೋದ ಸ್ವಂತ ಇವೆಂಟ್‌ನಲ್ಲಿ ಟ್ರಿಗರ್ ಮಾಡಿ. ಲೇಬಲ್, ಗ್ರಾಫ್ ಎರಡೂ ಅದನ್ನು ಕೇಳಲಿ.

ಕಾಯುವವ: ಲೂಪ್‌ನಲ್ಲಿ ಅಸಿಂಕ್.ಅವೈಟ್‌ಇವೆಂಟ್ (ಮುಂದಿನ ಇವೆಂಟ್ ಬರುವವರೆಗೆ ಕಾಯುವುದು) ಬಳಸುತ್ತೇನೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಬಂದ ಇವೆಂಟ್ ಕೈತಪ್ಪುತ್ತಾ?

ಹಳೆಹುಲಿ: ಇದೆಲ್ಲ ಯಾಕೆ? ಎಲ್ಮ್ ಭಾಷೆ 2016ರಲ್ಲಿ 0.17 ಆವೃತ್ತಿ ಬಂದಾಗ ಸಿಗ್ನಲ್‌ಗಳನ್ನೇ (ಕಾಲದೊಂದಿಗೆ ಬದಲಾಗುವ ಮೌಲ್ಯಗಳನ್ನೇ) ಕಿತ್ತು ಹಾಕಿತು. ಆ ದಾರಿ ಮುಗಿಯಿತು.

ಬಾಲಬೋಧೆ: ಎಲ್ಮ್ ಬಿಟ್ಟರೆ ಲೋಕವೇ ಬಿಟ್ಟ ಹಾಗಾ? ಸಂಶೋಧಕರಾದ ಎಲಿಯಟ್, ಹುಡಾಕ್ 1997ರಲ್ಲಿ ಇದೇ ದಾರಿಯ ಫ್ರಾನ್ ಲೈಬ್ರರಿ ತೋರಿಸಿದಾಗ ಎಲ್ಮ್ ಹುಟ್ಟಿರಲೇ ಇಲ್ಲ.

ಹಳೆಹುಲಿ: ಇಸವಿ ಯಾರು ಕೇಳಿದರು? ಜಾನ್ ರೆಪ್ಪಿಯ ಕನ್‌ಕರೆಂಟ್ ಎಂಎಲ್ ಭಾಷೆ ನೋಡಿ. ಅಲ್ಲಿನ ಚೂಸ್ ಅಂದರೆ ಇಲ್ಲಿನ ಮರ್ಜ್ ಅಷ್ಟೇ.

ಮೇಡಂ: ಅಲ್ಲ. ಅಲ್ಲಿ ಚೂಸ್ ಹಲವದರಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಬಿಡುತ್ತದೆ. ಮರ್ಜ್ ಎರಡು ಕಡೆಯಿಂದ ಬಂದ ಎಲ್ಲವನ್ನೂ ದಾಟಿಸುತ್ತದೆ. ಎಫ್ ಶಾರ್ಪ್‌ನ ಇವೆಂಟ್.ಚೂಸ್ ಮೂರನೆಯದು: ಫಿಲ್ಟರ್, ಮ್ಯಾಪ್ ಎರಡೂ ಸೇರಿದ್ದು. ಹೆಸರು ನೋಡಿ ಮೋಸ ಹೋಗಬೇಡಿ.

ಹಳೆಹುಲಿ: ಒಟ್ಟಿನಲ್ಲಿ ನಾನು ಹೇಳಿದ್ದೂ ಅದೇ.

ಬಾಲಬೋಧೆ: ಅದಲ್ಲ ಸ್ವಾಮಿ ನೀವು ಹೇಳಿದ್ದು!

ತಡವಾಗಿಬಂದೆ: ಮೇಡಂ, ವಿಂಡೋ ಮುಚ್ಚಿದರೂ ಹ್ಯಾಂಡ್ಲರ್ ಓಡುತ್ತಿದೆ, ಯಾಕೆ?

ಮೇಡಂ: ಮೇಲೆ ಬರೆದಿದ್ದೇನೆ.

ಎರಡುದಾರಿ: ಎರಡು ಥ್ರೆಡ್‌ನಿಂದ (ಒಟ್ಟಿಗೆ ಓಡುವ ಕೆಲಸಗಳಿಂದ) ಟ್ರಿಗರ್ ಮಾಡಿದರೆ ಸ್ಕ್ಯಾನ್ ಎಣಿಕೆ ತಪ್ಪುತ್ತಿದೆ.

ಮೇಡಂ: ಒಳಗೆ ಬೀಗವಿಲ್ಲ, ತಪ್ಪುತ್ತದೆ. ಮೇಲ್‌ಬಾಕ್ಸ್‌ಪ್ರೊಸೆಸರ್‌ಗೆ (ಬಂದದ್ದನ್ನು ಸರದಿಯಲ್ಲಿ ಒಂದೊಂದಾಗಿ ನೋಡುವ ಸಾಧನಕ್ಕೆ) ಕಳಿಸಿ ಅಲ್ಲೇ ಎಣಿಸಿ.

ಸುಲಭಸೂತ್ರ: ಇನ್ನೊಂದು ಫಾರ್ವರ್ಡ್ ಬಂತು: "ಥ್ರೆಡ್ ತೊಂದರೆಗೆ 100 ಮಿಲಿಸೆಕೆಂಡ್ ಸ್ಲೀಪ್ ಹಾಕಿ."

ಮೇಡಂ: ಬೇಡ ಎಂದು ಅಡ್ಮಿನ್ ಮೊದಲೇ ಹೇಳಿದ್ದಾರೆ. ಸ್ಲೀಪ್ ಹಾಕಿದರೆ ತಪ್ಪು ಹೋಗುವುದಿಲ್ಲ, ಅಪರೂಪವಾಗುತ್ತದೆ. ಹಿಡಿಯುವುದು ಇನ್ನೂ ಕಷ್ಟ.

ಸುಲಭಸೂತ್ರ: ಒಳ್ಳೇದಕ್ಕೆ ಹಾಕಿದರೆ ಬೈಗುಳ!

ರಾತ್ರಿಪಾಳಿ: ಮೇಡಂ, ಈಗ ಒಂದು ಟಿಕ್‌ಗೆ ಒಂದೇ ಸಾಲು! ಆದರೆ ಗ್ರಾಫ್ ಸೊನ್ನೆಯಿಂದ ಶುರುವಾಗುತ್ತಿದೆ...

ಮೇಡಂ: ಕೊನೆಯ ಪ್ಯಾರಾ ಓದಿದಿರಾ?

ರಾತ್ರಿಪಾಳಿ: ಓ. ಈಗ ಓದಿದೆ.

ಕಾಯುವವ: ನನ್ನ ಪ್ರಶ್ನೆ?

ಅಡ್ಮಿನ್: ಹೊತ್ತಾಯಿತು, ಕಮೆಂಟ್ ಮುಚ್ಚುತ್ತಿದ್ದೇನೆ.