ಹಳೇ ಯುನೋ ಕೋಡ್ ಇಎಸ್‌ಪಿ32ಗೆ: ರಿಮೋಟ್ ಕೆಲಸ ಮಾಡ್ತಿಲ್ಲ, ಮೊದಲ ಎಲ್‌ಇಡಿ ಮಿನುಗುತ್ತೆ

ಗುಬ್ಬಿ ಗೇಟ್, ತುಮಕೂರು:
ಜಾತ್ರೆ ಕಮಾನಿಗೆ ಹಾಕೋ 5 ವೋಲ್ಟ್ ಡಬ್ಲ್ಯುಎಸ್2812ಬಿ ಸ್ಟ್ರಿಪ್ (ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ ಕೊಡಬಹುದು), 300 ಎಲ್‌ಇಡಿ. ಆರ್ಡುಯಿನೋ ಯುನೋ ಬೋರ್ಡಿನಲ್ಲಿ ಓಡ್ತಿದೆ, ಕೋಡ್ ತುಂಬ ಹಳೇದು: ಪ್ರತಿ ಪ್ಯಾಟರ್ನಿನಲ್ಲೂ ಫಾರ್ ಲೂಪ್, ಅದರೊಳಗೆ ಡಿಲೇ 50 (50 ಮಿಲಿಸೆಕೆಂಡ್ ಸುಮ್ಮನೆ ಕಾಯೋದು). ರಿಮೋಟ್ ಒತ್ತಿದ್ರೆ ಪ್ಯಾಟರ್ನ್ ಮುಗಿಯೋವರೆಗೂ ಬದಲಾಗಲ್ಲ, ಕೆಲವು ಸಲ ಒತ್ತಿದ್ದೇ ಗೊತ್ತಾಗಲ್ಲ. ಅದೇ ಕೋಡನ್ನು ಇಎಸ್‌ಪಿ32 ಬೋರ್ಡಿಗೆ ಹಾಕಿದ್ರೆ ಮೊದಲ ಎಲ್‌ಇಡಿ ಸುಮ್ಮಸುಮ್ಮನೆ ಬಣ್ಣ ಬದಲಿಸುತ್ತೆ. ಪೂರ್ತಿ ಹೊಸದಾಗಿ ಬರೀಬೇಕಾ?

ಬಂಗಾರಪೇಟೆ:
ಬೇಡ ಸರ್. ಆದ್ರೆ ಬೋರ್ಡು, ಕೋಡು ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಕೆಟ್ಟಿದ್ದು ಯಾವುದು ಅಂತ ಹುಡುಕೋಕೆ ಆಗಲ್ಲ. ಮೊದಲು ಯುನೋದಲ್ಲೇ ಡಿಲೇ ತೆಗೀರಿ. ಫಾರ್ ಲೂಪಿನ ‘ಐ’ಯನ್ನು ಸ್ಟ್ಯಾಟಿಕ್ ವೇರಿಯಬಲ್ (ಫಂಕ್ಷನ್ ಮುಗಿದರೂ ಬೆಲೆ ಉಳಿಯೋದು) ಮಾಡಿ. ಪ್ಯಾಟರ್ನ್ ಫಂಕ್ಷನ್ ಕರೆದಾಗ ಒಂದೇ ಹೆಜ್ಜೆ ಹಾಕಿ ವಾಪಸ್ ಬರಬೇಕು. ಲೂಪಿನಲ್ಲಿ ಮಿಲಿಸ್‌ನಿಂದ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯ್ತು ಅನ್ನೋ ಲೆಕ್ಕ) ಹಿಂದಿನ ಹೆಜ್ಜೆಯ ಸಮಯ ಕಳೆದಾಗ 50 ದಾಟಿದ್ರೆ ಮಾತ್ರ ಮುಂದಿನ ಹೆಜ್ಜೆ. ಹಿಂದಿನ ಸಮಯ ಇಡೋ ವೇರಿಯಬಲ್ ಅನ್‌ಸೈನ್ಡ್ ಲಾಂಗ್ ಆಗಿರಲಿ, ಕಳೆದೇ ಹೋಲಿಸಿ. ಹಾಗಿದ್ರೆ 49 ದಿನ ಆದಮೇಲೆ ಮಿಲಿಸ್ ಸೊನ್ನೆಗೆ ಬಂದರೂ ಲೆಕ್ಕ ತಪ್ಪಲ್ಲ.

ಇಷ್ಟಾದ್ರೆ ತಡ ಹೋಗುತ್ತೆ. ಒತ್ತಿದ್ದೇ ಗೊತ್ತಾಗದಿರೋದು ಬೇರೆ ರೋಗ. ಒಂದು ಎಲ್‌ಇಡಿಗೆ 24 ಬಿಟ್, ಅಂದ್ರೆ 30 ಮೈಕ್ರೋಸೆಕೆಂಡ್. 300ಕ್ಕೆ 9 ಮಿಲಿಸೆಕೆಂಡ್. ಅಷ್ಟು ಹೊತ್ತು ಯುನೋದಲ್ಲಿ ಇಂಟರಪ್ಟ್ (ಸಿಗ್ನಲ್ ಬಂದ ಕೂಡಲೇ ಕೋಡನ್ನು ಎಚ್ಚರಿಸೋದು) ಬಂದ್. ಎನ್‌ಇಸಿ ಅನ್ನೋ ಸಿಗ್ನಲ್ ಪದ್ಧತಿಯ ರಿಮೋಟಿನ ಮೊದಲ ಪಲ್ಸೂ 9 ಮಿಲಿಸೆಕೆಂಡೇ, ಪೂರ್ತಿ ನುಂಗಿಹೋಗಬಹುದು. ಇಎಸ್‌ಪಿ32ರಲ್ಲಿ ಪಲ್ಸ್ ಕಳಿಸೋಕೇ ಇರೋ ಆರ್‌ಎಂಟಿ ಹಾರ್ಡ್‌ವೇರೇ ಡೇಟಾ ಕಳಿಸುತ್ತೆ, ಆದ್ದರಿಂದ ಬೋರ್ಡ್ ಬದಲಾಯಿಸೋದು ನಿಜಕ್ಕೂ ಉಪಯೋಗ.

ಶಿಡ್ಲಘಟ್ಟ:
ಮಿನುಗೋದು ಕೋಡಿನ ತಪ್ಪಲ್ಲ ಅನಿಸುತ್ತೆ. 5 ವೋಲ್ಟ್ ಸ್ಟ್ರಿಪ್ಪಿಗೆ ‘ಹೈ’ ಅಂದ್ರೆ ಕನಿಷ್ಠ 3.5 ವೋಲ್ಟ್, ಇಎಸ್‌ಪಿ32 ಕೊಡೋದು 3.3. ನಡುವೆ 3.3 ವೋಲ್ಟ್ ಸಿಗ್ನಲನ್ನು 5 ವೋಲ್ಟ್ ಮಾಡೋ 74ಎಎಚ್‌ಸಿಟಿ125 ಚಿಪ್ ಹಾಕಿ: 14ನೇ ಕಾಲಿಗೆ 5 ವೋಲ್ಟ್, 7 ಮತ್ತು 1 ಗ್ರೌಂಡಿಗೆ, 2ಕ್ಕೆ ಇಎಸ್‌ಪಿ32, 3ರಿಂದ 330 ಓಮ್ ರೆಸಿಸ್ಟರ್ ದಾಟಿ ಸ್ಟ್ರಿಪ್ಪಿಗೆ. ಅಂಗಡಿಯಲ್ಲಿ 74ಎಚ್‌ಸಿ125 ಕೊಟ್ರೆ ತಗೋಬೇಡಿ, ಅದಕ್ಕೂ 3.5 ವೋಲ್ಟೇ ಬೇಕು. ಇಎಸ್‌ಪಿ32 ಮತ್ತು ಈ ಚಿಪ್ ಎರಡರ ಗ್ರೌಂಡೂ ಸ್ಟ್ರಿಪ್ಪಿನ ಸಪ್ಲೈ ಗ್ರೌಂಡಿಗೆ ಸೇರಿರಲೇಬೇಕು.

ಡೇಟಾಗೆ ಇಎಸ್‌ಪಿ32ರ ಪಿನ್ 16 ಅಥವಾ 18 ಒಳ್ಳೇದು. 34ರಿಂದ 39 ಬರೀ ಇನ್‌ಪುಟ್. 12 ಬೂಟ್ ಆಗುವಾಗ ತೊಂದರೆ ಕೊಡುತ್ತೆ.

ಗುಬ್ಬಿ ಗೇಟ್, ತುಮಕೂರು:
ಧನ್ಯವಾದ ಸರ್. ಇನ್ನೊಂದು: ಸ್ಟ್ರಿಪ್ಪಿನ ಪಕ್ಕ ಒಂದು ಸಾದಾ ಬಿಳಿ ಎಲ್‌ಇಡಿ ಪಿಡಬ್ಲ್ಯುಎಂನಲ್ಲಿದೆ (ಬೇಗಬೇಗ ಆನ್-ಆಫ್ ಮಾಡಿ ಬೆಳಕು ಹೆಚ್ಚುಕಡಿಮೆ ಮಾಡೋದು). ಅದರ ‘ಎಲ್‌ಇಡಿಸಿ ಸೆಟಪ್’ ಫಂಕ್ಷನ್ ಸಿಗ್ತಿಲ್ಲ ಅಂತ ಎರರ್ ಬರ್ತಿದೆ.

ಬಂಗಾರಪೇಟೆ:
ಆರ್ಡುಯಿನೋ ಇಎಸ್‌ಪಿ32 ಕೋರ್ (ಆ ಬೋರ್ಡಿಗೆ ಕಂಪೈಲ್ ಮಾಡೋಕೆ ಬೇಕಾದ ಸಾಫ್ಟ್‌ವೇರ್) ವರ್ಷನ್ 3ರಲ್ಲಿ ಅದನ್ನು ತೆಗೆದಿದ್ದಾರೆ. ಸೆಟಪ್, ಅಟ್ಯಾಚ್‌ಪಿನ್ ಎರಡರ ಬದಲು ‘ಎಲ್‌ಇಡಿಸಿ ಅಟ್ಯಾಚ್’ ಒಂದೇ: ಪಿನ್, ಫ್ರೀಕ್ವೆನ್ಸಿ, ಬಿಟ್. ‘ಎಲ್‌ಇಡಿಸಿ ರೈಟ್’ಗೂ ಈಗ ಚಾನೆಲ್ ಬದಲು ಪಿನ್ ನಂಬರ್ ಕೊಡಿ. ಕೋರ್, ಲೈಬ್ರರಿ ವರ್ಷನ್‌ಗಳನ್ನು ಪ್ಲಾಟ್‌ಫಾರ್ಮ್‌ಐಒ (ಕೋಡ್ ಕಂಪೈಲ್ ಮಾಡೋ ಟೂಲ್) ಫೈಲಿನಲ್ಲಿ ಬರೆದಿಡಿ, ಮುಂದಿನ ಜಾತ್ರೆಗೆ ಕಂಪೈಲ್ ಮಾಡುವಾಗ ಮತ್ತೆ ಕೆಡಲ್ಲ.

ಕರೆಂಟಿನ ಲೆಕ್ಕ ಮರೀಬೇಡಿ. ಪೂರ್ತಿ ಬಿಳಿಗೆ ಒಂದಕ್ಕೆ 60 ಮಿಲಿಆಂಪ್ ಹಿಡಿದ್ರೆ 18 ಆಂಪ್. ಸಪ್ಲೈ 10 ಆಂಪಿನದ್ದಾದ್ರೆ ಫಾಸ್ಟ್‌ಎಲ್‌ಇಡಿ ಲೈಬ್ರರಿಯಲ್ಲಿ 5 ವೋಲ್ಟ್, 8000 ಮಿಲಿಆಂಪ್ ಅಂತ ಮಿತಿ ಹಾಕಿ. ಕೊನೆಯ ಎಲ್‌ಇಡಿಗಳು ಹಳದಿಗೆ ತಿರುಗಿದ್ರೆ ಎರಡೂ ತುದಿಯಿಂದ 5 ವೋಲ್ಟ್ ಕೊಡಿ.