ಗ್ರೈಂಡಿಂಗ್ ಮಾಡಿದ ಪಿನ್‌ಗಳ ಮೇಲಿನ ಗೀರು ಕ್ಯಾಮೆರಾಗೆ ಸರಿಯಾಗಿ ಸಿಗುತ್ತಿಲ್ಲ, ಸಹಾಯ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ನಮ್ಮ ಸಣ್ಣ ಘಟಕದಲ್ಲಿ 20 ಮಿ.ಮೀ. ವ್ಯಾಸದ, 60 ಮಿ.ಮೀ. ಉದ್ದದ ಉಕ್ಕಿನ ಪಿನ್‌ಗಳನ್ನು ಗ್ರೈಂಡಿಂಗ್ ಮಾಡಿಕೊಡುತ್ತೇವೆ. ಇದುವರೆಗೆ ತಪಾಸಣೆಯವರು ಟ್ಯೂಬ್‌ಲೈಟಿನ ಕೆಳಗೆ ಪಿನ್ನನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದರು. ಪಾಳಿಯ ಕೊನೆಗೆ ಕಣ್ಣು ಸೋತು, ಗೀರು ಬಿದ್ದವೂ ಪೆಟ್ಟಿಗೆ ಸೇರುತ್ತಿದ್ದುದರಿಂದ ಕ್ಯಾಮೆರಾ ಕೂರಿಸಿದೆವು.

ನಮ್ಮದು 2448×2048 ಪಿಕ್ಸೆಲ್‌ನ ಕಪ್ಪು-ಬಿಳುಪು ಕ್ಯಾಮೆರಾ. 70 ಮಿ.ಮೀ. ಅಗಲವನ್ನು ಒಮ್ಮೆಗೇ ನೋಡುವುದರಿಂದ ಒಂದು ಪಿಕ್ಸೆಲ್‌ಗೆ ಸುಮಾರು 0.03 ಮಿ.ಮೀ. ಬರುತ್ತದೆ, ಅಂದರೆ 0.05 ಮಿ.ಮೀ. ಅಗಲದ ಗೀರು ಎರಡು ಪಿಕ್ಸೆಲ್ ಕೂಡ ತುಂಬುವುದಿಲ್ಲ. ಅದಕ್ಕಿಂತ ದೊಡ್ಡ ತಲೆನೋವು ಬೆಳಕಿನದು. ತಗ್ಗು ಕೋನದಿಂದ ಅಡ್ಡಲಾಗಿ ಬೆಳಕು ಬಿಟ್ಟರೆ ಪಿನ್ನಿನ ಉದ್ದಕ್ಕೆ ಬಿದ್ದ ಗೀರು ಬೆಳ್ಳಗೆ ಹೊಳೆದು ಕಾಣುತ್ತದೆ, ಆದರೆ ಸುತ್ತಳತೆಯ ದಿಕ್ಕಿನಲ್ಲಿ ಬಿದ್ದದ್ದು ಕಾಣುವುದೇ ಇಲ್ಲ; ದಿಕ್ಕು ಬದಲಿಸಿದರೆ ಗ್ರೈಂಡಿಂಗ್ ಗೆರೆಗಳೆಲ್ಲ ಒಟ್ಟಿಗೆ ಹೊಳೆದು ಗೀರು ಅವುಗಳೊಳಗೆ ಅಡಗಿಬಿಡುತ್ತದೆ.

ದೋಷದ ಪಿನ್ ನಮಗೆ ಸಿಕ್ಕಿದ್ದೇ 43. ಆದ್ದರಿಂದ ಒಳ್ಳೆಯ ಪಿನ್‌ಗಳ 600 ಚಿತ್ರಗಳಿಂದಷ್ಟೇ ಕಲಿಸಿದ, ಅವಕ್ಕಿಂತ ಬೇರೆಯಾಗಿ ಕಂಡದ್ದನ್ನು ದೋಷವೆನ್ನುವ ಕಂಪ್ಯೂಟರ್ ಮಾಡೆಲ್ ಬಳಸುತ್ತಿದ್ದೇವೆ. ಅದು ತುಕ್ಕು ತಡೆಯುವ ಎಣ್ಣೆಯ ಮೇಲೆ ಮೂಡಿದ ಬೆರಳಚ್ಚನ್ನೂ ದೋಷವೆಂದು ಪಕ್ಕಕ್ಕೆ ತಳ್ಳುತ್ತದೆ. (ತಪಾಸಣೆಯವರಿಗೆ ಇದು ಒಳ್ಳೆಯ ತಮಾಷೆ.)

ಪಿನ್ನನ್ನು ತಿರುಗಿಸುತ್ತ ಲೈನ್ ಸ್ಕ್ಯಾನ್ ಕ್ಯಾಮೆರಾದಿಂದ (ಒಂದು ಸಲಕ್ಕೆ ಒಂದೇ ಗೆರೆಯಷ್ಟು ಚಿತ್ರ ತೆಗೆಯುವಂಥದ್ದು) ಮೇಲ್ಮೈಯನ್ನು ಚಪ್ಪಟೆ ಚಿತ್ರವಾಗಿ ಬಿಡಿಸಿ ನೋಡುವ ವ್ಯವಸ್ಥೆಯನ್ನು ಯಾರಾದರೂ ಬಳಸಿದ್ದೀರಾ? ಎರಡು ದಿಕ್ಕಿನ ಬೆಳಕನ್ನು ಒಂದಾದ ಮೇಲೊಂದರಂತೆ ಹೊತ್ತಿಸಿ ಎರಡು ಚಿತ್ರ ತೆಗೆದರೆ ಈಗಿನ ಕ್ಯಾಮೆರಾದಲ್ಲೇ ಕೆಲಸ ಆದೀತೆ? ಎಣ್ಣೆ ಹಚ್ಚುವ ಮೊದಲೇ ತಪಾಸಣೆ ಮಾಡುವವರು ಕೂಲೆಂಟ್ (ಗ್ರೈಂಡಿಂಗ್ ವೇಳೆ ತಂಪಿಗೆ ಸುರಿಯುವ ದ್ರವ) ಕಲೆಯನ್ನು ಹೇಗೆ ನಿಭಾಯಿಸುತ್ತೀರಿ ಎಂಬುದನ್ನೂ ದಯವಿಟ್ಟು ತಿಳಿಸಿ. ಮಾದರಿ ಚಿತ್ರಗಳು ಬೇಕಾದರೆ ಇಲ್ಲಿಯೇ ಹಾಕುತ್ತೇನೆ.